ಖಾರದ ಕಲ್ಲು, ಜೋಳದ ಕಲ್ಲು

ನಮ್ಮ ಸರ್ ಎರಡೂ ಕೈಯಿಂದ ಬರೆಯುತ್ತಿದ್ದರು. ಒಂದಾದ ಮೇಲೆ ಒಂದಲ್ಲ, ಒಟ್ಟಿಗೆ. ಕರಿಹಲಗೆಯ ನಟ್ಟನಡುವೆ ನಮಗೆ ಬೆನ್ನು ಮಾಡಿ ನಿಂತು ಎಡಗೈಯಿಂದ ಎಡಕ್ಕೊಂದು ಚೌಕ, ಬಲಗೈಯಿಂದ ಬಲಕ್ಕೊಂದು ಚೌಕ ಎಳೆದು, ಎರಡರ ಕೆಳಗೂ ಏಕಕಾಲಕ್ಕೆ ಬರೆಯುತ್ತ ಹೋಗುವರು. ಎಡಗೈಯ ಅಕ್ಷರ ದುಂಡಗೆ, ಬಲಗೈಯದು ಸ್ವಲ್ಪ ಸೊಟ್ಟ. ಹುಟ್ಟಿನಿಂದ ಅವರು ಎಡಚರು. ಮನೋಳಿಯ ಶಾಲೆಯಲ್ಲಿ ಒಬ್ಬ ಮಾಸ್ತರರು ಎಡಗೈಯ ಗೆಣ್ಣಿಗೆ ಹೊಡೆದು ಹೊಡೆದು ಬಲಗೈಗೆ ಬಳಪ ಕೊಟ್ಟಿದ್ದರಂತೆ. ಇವರು ಶಾಲೆಯಲ್ಲಿ ಬಲಗೈ ಕಲಿತರು, ಮನೆಗೆ ಹೋಗಿ ಎಡಗೈಯನ್ನೂ ಸಾಕಿಕೊಂಡರು. "ಆ ಮಾಸ್ತರನ ಮ್ಯಾಲಿನ ಸಿಟ್ಟಿಗೆ ಬಿಡಲಿಲ್ಲವಾ," ಅನ್ನುತ್ತಿದ್ದರು. "ಅಂವ ಸತ್ತು ಎಷ್ಟೋ ವರ್ಷ ಆತು. ನನ್ನ ಸಿಟ್ಟು ಇನ್ನೂ ದುಡೀತೈತಿ."

ಸಿಟ್ಟನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ. ನಾನು ವ್ಯಾಪಾರದವಳು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಕಡೆ ಕಂಪ್ಯೂಟರ್ ಮತ್ತು ಬ್ಯಾಟರಿ ಮಾರುವ ಅಂಗಡಿಗಳಿವೆ, ಕಿತ್ತೂರಿನಲ್ಲಿ ನಾಲ್ಕನೆಯದಕ್ಕೆ ಜಾಗ ನೋಡುತ್ತಿದ್ದೇನೆ. ಸಿಟ್ಟಿನವರು ದಿನವೂ ಬರುತ್ತಾರೆ. ಟೇಬಲ್ ಗುದ್ದುತ್ತಾರೆ, ರಸೀದಿ ಹರಿಯುತ್ತಾರೆ, ಮರುದಿನ ಅದೇ ಟೇಬಲ್ಲಿಗೆ ಮೊಣಕೈ ಊರಿ ಚಹಾ ಕುಡಿಯುತ್ತಾರೆ. ಅದು ಸಿಟ್ಟಲ್ಲ, ಬರೇ ಹೊಟ್ಟೆಯುಬ್ಬರ. ಸರ್ ಅವರದು ನಿಜವಾದ ಸಿಟ್ಟು. ಅದಕ್ಕೊಂದು ಕೆಲಸ ಹಚ್ಚಿ ಕೊಟ್ಟಿರುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ. ಬೈಲಹೊಂಗಲದಲ್ಲಿ ಆಗ ಒಂದು ಖಾಸಗಿ ಕಂಪ್ಯೂಟರ್ ಕಾಲೇಜಿತ್ತು. ಈಗಿಲ್ಲ, ಮುಚ್ಚಿಹೋಯಿತು, ಅದರ ಬಗ್ಗೆ ನನಗೆ ದುಃಖವೂ ಇಲ್ಲ. ನಾನು ದೊಡವಾಡದಿಂದ ಬಸ್ಸಿಗೆ ಬರುತ್ತಿದ್ದೆ. ಅವ್ವ ಸಂತೆಯಲ್ಲಿ ತತ್ತಿ ಮಾರುತ್ತಿದ್ದಳು, ಚೌಕಾಶಿ ನನಗೆ ಅಲ್ಲಿಂದ ಬಂದದ್ದು. ಸರ್ ಆ ಕಾಲೇಜಿನಲ್ಲಿ ಕಾಯಂ ಆಗಿರಲಿಲ್ಲ, ಪಾಠವಿದ್ದ ದಿನ ಮಾತ್ರ ಬರುವವರು. ಹೇಳುತ್ತಿದ್ದದ್ದು ಆಪರೇಟಿಂಗ್ ಸಿಸ್ಟಂ. ಬೆಳಗಾವಿಯ ಗುಜರಿಯಿಂದ ಒಂದು ದೊಡ್ಡ ಹಳೆಯ ಯಂತ್ರ ಹೊತ್ತು ತಂದಿದ್ದರು. ಅದರ ಒಂದು ಪಕ್ಕದ ತಗಡು ತೆಗೆದೇ ಇರುತ್ತಿತ್ತು, ಒಳಗೆ ಅಕ್ಕಪಕ್ಕ ಎರಡು ಪ್ರೊಸೆಸರ್. ನಮ್ಮ ಭಾಗದಲ್ಲಿ ಆಗ ಅಂಥದ್ದನ್ನು ಯಾರೂ ನೋಡಿರಲಿಲ್ಲ. ದನ ಕೊಳ್ಳಲು ಬಂದವರು ಹಲ್ಲು ಎಣಿಸುವಂತೆ ನಾವು ಒಬ್ಬೊಬ್ಬರೇ ಬಗ್ಗಿ ಎಣಿಸಿದೆವು.

ಆ ವಿಭಾಗಕ್ಕೆ ಒಬ್ಬರು ಮುಖ್ಯಸ್ಥರಿದ್ದರು. ಎಲ್ಲರೂ ಅವರನ್ನು ಹೆಡ್ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ, ಮರ್ಯಾದೆಗಲ್ಲ. ಅವರು ವರ್ಷವರ್ಷವೂ ಒಂದೇ ನೋಟ್ಸು ಬರೆಸುತ್ತಿದ್ದರು. ಅದರಲ್ಲಿ ಒಂದು ವಾಕ್ಯ: "ಎರಡು ಪ್ರೊಸೆಸರ್ ಇದ್ದರೆ ಪ್ರತಿಯೊಂದು ಕೆಲಸವೂ ಅರ್ಧ ಸಮಯದಲ್ಲಿ ಮುಗಿಯುತ್ತದೆ." ಸರ್ ಅದನ್ನು ಯಾರದೋ ವಹಿಯಲ್ಲಿ ಓದಿದರು. ಕರಿಹಲಗೆಯ ಕಡೆ ಹೋಗಿ ಒಂದೇ ಒಂದು ಸುಣ್ಣದ ಕಡ್ಡಿ ಇಟ್ಟು, "ಈಗ ನಾ ಎರಡೂ ಕೈಲೆ ಬರೀತೇನಿ, ನೋಡ್ರಿ," ಎಂದರು. ಎಡಗೈ ಕಡ್ಡಿ ತೆಗೆದುಕೊಂಡಿತು, ಬಲಗೈ ಕಾಯಿತು. ಬಲಗೈ ತೆಗೆದುಕೊಂಡಿತು, ಎಡಗೈ ಕಾಯಿತು. "ಕೈ ಎರಡು, ಕಡ್ಡಿ ಒಂದ. ಅರ್ಧ ಹೊತ್ತಿನಾಗ ಆತೇನು?"

"ಇಲ್ರಿ," ಅಂದೆವು.

"ಹೊಡ್ದು ಹಾಕ್ರಿ ಆ ಸಾಲು."

ಹದಿನಾಲ್ಕು ವಹಿಗಳಲ್ಲಿ ಹೆಡ್ ಸಾಹೇಬರ ವಾಕ್ಯಕ್ಕೆ ಗೆರೆ ಬಿತ್ತು. ಸುದ್ದಿ ಅವರ ಕೋಣೆಗೆ ಮುಟ್ಟಲು ಆ ದಿನ ಸಂಜೆಯೂ ಬೇಕಾಗಲಿಲ್ಲ.

ಗಿರಣಿ ಬಂದದ್ದು ಮರುವಾರ, ನನ್ನಿಂದ. ಪಾಠ ಇದ್ದದ್ದು ಎರಡು ಪ್ರೊಸೆಸರಿಗೆ ಕೆಲಸ ಹಂಚುವುದು ಹೇಗೆ ಎಂಬುದರ ಮೇಲೆ. ಓಡಲು ಸಿದ್ಧವಾಗಿ ನಿಂತ ಪ್ರೊಸೆಸ್ಸುಗಳನ್ನೆಲ್ಲ, ಅಂದರೆ ಕೆಲಸಗಳನ್ನೆಲ್ಲ, ಒಂದೇ ಸಾಲಿನಲ್ಲಿ ನಿಲ್ಲಿಸಬೇಕೋ, ಪ್ರೊಸೆಸರಿಗೊಂದು ಸಾಲೋ? ಪುಸ್ತಕದ ಇಂಗ್ಲಿಷು ನಮ್ಮ ತಲೆಯ ಮೇಲಿಂದ ಹಾರಿ ಹೋಗುತ್ತಿತ್ತು. ಸರ್ ನನ್ನನ್ನು ಎಬ್ಬಿಸಿದರು.

"ಏನವಾ ದೊಡವಾಡದಾಕಿ, ನಿಮ್ಮೂರ ಗಿರಣ್ಯಾಗ ಕಲ್ಲ ಎಷ್ಟ?"

"ಎರಡ್ರಿ ಸರ."

"ಸಾಲ?"

"ಅವೂ ಎರಡ್ರಿ. ಒಂದ ಖಾರಕ್ಕ, ಒಂದ ಜೋಳಕ್ಕ. ಖಾರದ ಕಲ್ಲಿಗೆ ಜೋಳ ಹಾಕಿದ್ರ ರೊಟ್ಟಿ ತಿನ್ನಾಂವ ಎದ್ದ ಕುಣೀತಾನ್ರಿ."

ತರಗತಿ ನಕ್ಕಿತು. ಸರ್ ನಗಲಿಲ್ಲ, ಎರಡು ಹೆಜ್ಜೆ ಮುಂದೆ ಬಂದರು. "ಖಾರದ ಕಲ್ಲ ಖಾಲಿ ಐತಿ. ಜೋಳದ ಕಡೆ ಹತ್ತ ಮಂದಿ ನಿಂತಾರ. ಆವಾಗ?"

"ಖಾರದ ಕಲ್ಲ ತೊಳೀಬೇಕ್ರಿ. ಹುಳ ಬಿದ್ದ ಜೋಳ ಎರಡ ಸೇರ ಹಾಕಿ ತಿರಿವಿ ಚೆಲ್ಲಬೇಕು. ಆಮ್ಯಾಲ ಜೋಳಕ್ಕ ಬಿಡಬೌದು."

"ಒಬ್ಬಾಕಿನ ನಿಂತಿದ್ರ ತೊಳೀತೀರೇನು?"

"ಯಾಕ ತೊಳೀತಾರ್ರಿ? ಒಬ್ಬಾಕಿ ಸಲವಾಗಿ ತೊಳದ್ರ ಗಿಟ್ಟೂದಿಲ್ಲ. ಆಕಿ ತನ್ನ ಪಾಳಿಗೆ ನಿಲ್ಲಬೇಕು. ಹತ್ತ ಮಂದಿ ಇದ್ರ ಗಿಟ್ಟತೈತಿ."

"ಪುಸ್ತಕ ಮುಚ್ಚರಿ," ಎಂದರು ಸರ್. "ಚಪ್ಪಲಿ ಹಾಕ್ಕೋರಿ."

ಹದಿನಾಲ್ಕು ಜನರನ್ನೂ ಪೇಟೆಯ ಗಿರಣಿಗೆ ನಡೆಸಿಕೊಂಡು ಹೋದರು. ಕಲ್ಲು ತಿರುಗಿಸುವ ಪಟ್ಟಿಯ ಬಡಿತಕ್ಕಿಂತ ಜೋರಾಗಿ ಕೂಗಿ ಅಲ್ಲಿಯೇ ಪಾಠ ಮುಗಿಸಿದರು. ಒಂದು ಪ್ರೊಸೆಸರಿನ ಮೇಲೆ ಓಡಿದ ಪ್ರೊಸೆಸ್ಸಿನ ಸಾಮಾನೆಲ್ಲ ಆ ಪ್ರೊಸೆಸರಿನ ಮಗ್ಗುಲಲ್ಲಿರುವ ಕ್ಯಾಶ್ ಎಂಬ ಚಿಕ್ಕ ನೆನಪಿನಲ್ಲಿ ಕುಳಿತಿರುತ್ತದೆ. ಆದ್ದರಿಂದ ಅದನ್ನು ಮತ್ತೆ ಅದೇ ಪ್ರೊಸೆಸರಿಗೆ ಕೊಡುವುದು ಲಾಭ. ಖಾರ ತಿರುಗಿದ ಕಲ್ಲಿಗೆ ಮತ್ತೆ ಖಾರ ಬಂದರೆ ತೊಳೆಯುವ ದಂಡವಿಲ್ಲ. ಆದರೆ ಒಂದು ಕಡೆ ಸಾಲು ಬೆಳೆದು ಇನ್ನೊಂದು ಪ್ರೊಸೆಸರ್ ಕೈಕಟ್ಟಿ ಕುಳಿತರೆ ತೊಳೆಯುವ ನಷ್ಟ ಒಪ್ಪಿಕೊಂಡು ಕೆಲಸ ಆಚೆ ದಾಟಿಸಲೇಬೇಕು. ಖಾಲಿಯಾದವನೇ ಬಂದು ತುಂಬಿದವನ ಸಾಲಿನಿಂದ ಎಳೆದುಕೊಳ್ಳುವುದೂ ಉಂಟು. ಯಾವಾಗ ಇದ್ದಲ್ಲೇ ಬಿಡಬೇಕು, ಯಾವಾಗ ದಾಟಿಸಬೇಕು, ಆಪರೇಟಿಂಗ್ ಸಿಸ್ಟಮ್ಮಿನ ಜಾಣತನವೆಲ್ಲ ಈ ಲೆಕ್ಕದಲ್ಲಿದೆ. ನನ್ನ ಅಂಗಡಿಗೆ ಬಂದು ನಾಲ್ಕು ಕೋರ್ ಬೇಕು, ಎಂಟು ಕೋರ್ ಬೇಕು ಅನ್ನುವವರಿಗೆ ಇವತ್ತಿಗೂ ಮೊದಲು ಕೇಳುತ್ತೇನೆ: ನಿಮ್ಮ ಹತ್ತಿರ ಬೀಸುವ ಡಬ್ಬಿ ಎಷ್ಟಿವೆ, ಅಂದರೆ ಒಟ್ಟಿಗೆ ಓಡಿಸುವ ಕೆಲಸ ಎಷ್ಟು? ಒಂದೇ ಡಬ್ಬಿ ಇದ್ದವರು ಎಂಟು ಕಲ್ಲಿಗೆ ದುಡ್ಡು ಹಾಕಬಾರದು. ಈ ಮಾತು ಹೇಳಿ ವ್ಯಾಪಾರ ಕಳೆದುಕೊಂಡಿದ್ದೇನೆ ಅಂದುಕೊಳ್ಳಬೇಡಿ. ಗಿರಾಕಿ ನಂಬಿ ಮರಳಿ ಬರುತ್ತಾನೆ, ಬ್ಯಾಟರಿ ಒಯ್ಯುತ್ತಾನೆ.

ಬಟ್ಟೆಗೆಲ್ಲ ಹಿಟ್ಟು ಮೆತ್ತಿಕೊಂಡು ಕಾಲೇಜಿಗೆ ಮರಳಿದಾಗ ಹೆಡ್ ಸಾಹೇಬರು ಗೇಟಿನಲ್ಲೇ ನಿಂತಿದ್ದರು.

ಎರಡು ದಿನಕ್ಕೆ ನನ್ನನ್ನು ಕೋಣೆಗೆ ಕರೆಸಿದರು. ಟೇಬಲ್ಲಿನ ಮೇಲೆ ಕಾಗದ ತಯಾರಿತ್ತು: ಪಠ್ಯ ಬಿಟ್ಟು ವಿದ್ಯಾರ್ಥಿಗಳನ್ನು ಹಿಟ್ಟಿನ ಗಿರಣಿಗೆ ಒಯ್ದು ಕಾಲಹರಣ ಮಾಡಿದ್ದಾರೆ, ನಮಗೆ ಈ ಅಧ್ಯಾಪಕರು ಬೇಡ. "ನೀ ಸಹಿ ಮಾಡಿದ್ರ ಉಳದವ್ರು ಮಾಡ್ತಾರ," ಎಂದರು. "ಇಂಟರ್ನಲ್ ಮಾರ್ಕ್ಸ್ ನನ್ನ ಕೈಯಾಗ ಅದಾವ. ಮೂರು ಹೆಚ್ಚಿಗಿ ಹಾಕ್ತೇನಿ."

ನಾನು ಸುಮ್ಮನೆ ನಿಂತೆ. ಮೊದಲ ಬೆಲೆ ಹೇಳಿದಾಗ ಸುಮ್ಮನಿರಬೇಕು, ಅವ್ವ ಕಲಿಸಿದ್ದು. ಅವರು ನಾಲ್ಕು ಅಂದರು, ಐದು ಅಂದರು. ಆರಕ್ಕೆ ಸಹಿ ಮಾಡಿದೆ. ಮೊದಲ ಸಹಿ ನನ್ನದು, ಅದರ ಕೆಳಗೆ ಹದಿಮೂರು. ಇದನ್ನು ಮುಚ್ಚಿಟ್ಟು ಸರ್ ಅವರ ಈ ವ್ಯಕ್ತಿಚಿತ್ರ ಬರೆಯಬಹುದಿತ್ತು, ಯಾರು ಕೇಳುತ್ತಿದ್ದರು? ಆದರೆ ಹೆಡ್ ಸಾಹೇಬರ ಮೇಲೆ ನಾನು ಹಲ್ಲು ಕಡಿಯುವುದಕ್ಕೆ ಅರ್ಧ ಕಾರಣ ಇದೇ. ಅವರು ಸರ್ ಅವರನ್ನು ತೆಗೆದರು, ಅದೊಂದು. ನನ್ನ ಕೈಯಿಂದ ತೆಗೆಸಿದರು, ಅದಿನ್ನೊಂದು.

ಹೋಗುವ ದಿನ ಸರ್ ತಮ್ಮ ಹಳೆಯ ಯಂತ್ರವನ್ನು ಟಾಂಗಾದಲ್ಲಿ ಇಡಿಸಿ, ಗೇಟಿನ ಹತ್ತಿರ ಹೆಡ್ ಸಾಹೇಬರ ಮುಂದೆ ನಿಂತರು. ನಾವೆಲ್ಲ ಕಿಟಕಿಯಲ್ಲಿದ್ದೆವು.

"ಸಾಹೇಬರ, ನನ್ನ ಪಾಠಾ ನೀವು ಕೇಳಿಲ್ಲ. ಕೇಳದ ತೀರ್ಮಾನ ಕೊಟ್ರಿ."

"ಗಿರಣಿ ಪಾಠಾ ಏನ್ ಕೇಳೂದೈತಿ?"

"ಒಂದ ಸರ್ತಿ ಕುಂತು ಪೂರಾ ಕೇಳಬೇಕ್ರಿ. ಕೇಳ್ತೀರಿ. ನಾ ಕುಂದರಸ್ತೇನಿ."

ಮುಂದೆ ಅವರು ಮಾಡಿದ್ದನ್ನು ಬೈಲಹೊಂಗಲದ ಹಳಬರು ಇನ್ನೂ ನೆನೆಸುತ್ತಾರೆ. ಬೇರೆ ಕಾಲೇಜು ಹುಡುಕಲಿಲ್ಲ. ಮನೋಳಿಯಲ್ಲಿ ಅವರ ಅಣ್ಣನ ಗಿರಣಿ ನಿಂತು ಹೋಗಿತ್ತು. ಅದರ ಎರಡೂ ಕಲ್ಲುಗಳನ್ನು ಟ್ರ್ಯಾಕ್ಟರಿಗೆ ಹೇರಿಸಿ ತಂದು, ಹೆಡ್ ಸಾಹೇಬರ ಮನೆಯ ಎದುರು ಖಾಲಿ ಬಿದ್ದಿದ್ದ, ಪತ್ರಾಸಿನ ತಗಡು ಹೊಡೆದ ಶೆಡ್ಡಿನಲ್ಲಿ ಹೂಡಿದರು. ನಡುವೆ ರಸ್ತೆ ಮಾತ್ರ. ಖಾರದ ಕಲ್ಲು ಸಾಹೇಬರ ಪಡಸಾಲೆಗೆ ನೇರ. ಗೋಡೆಗೆ ಹತ್ತಿ ಒಂದು ಉದ್ದನೆಯ ಬೆಂಚು ಹಾಕಿಸಿದರು. "ಇದು ಅಂವ ಕುಂದರೂ ಜಾಗಾ," ಎಂದು ನನಗೆ ತೋರಿಸಿದರು. ಓಣಿಯಲ್ಲಿ ಹತ್ತಿರಕ್ಕೆ ಬೇರೆ ಗಿರಣಿಯಿರಲಿಲ್ಲ. ರೊಟ್ಟಿ ತಿನ್ನುವ ಮನೆ ಎಂದಾದರೂ ಡಬ್ಬಿ ಎತ್ತಿಕೊಂಡು ಬರಲೇಬೇಕು, ಇದೇ ಅವರ ಲೆಕ್ಕ.

ನಾನು ಅಲ್ಲಿಗೆ ಹೋಗತೊಡಗಿದ್ದು ಪಾಪಪ್ರಜ್ಞೆಗೆ. ಕಾಲೇಜು ಬಿಟ್ಟ ಮೇಲೆ ಎರಡು ತಾಸು ಡಬ್ಬಿ ಎತ್ತಿ ಇಡುತ್ತಿದ್ದೆ, ಸಹಿಯ ಮಾತು ಎತ್ತುತ್ತಿರಲಿಲ್ಲ. ಅವರೂ ಎತ್ತಲಿಲ್ಲ. ಗಿರಣಿಯನ್ನು ಅವರು ನಡೆಸಿದ್ದು ಪುಸ್ತಕದಲ್ಲಿದ್ದಂತೆ, ಪುಸ್ತಕಕ್ಕಿಂತ ಚೆನ್ನಾಗಿ. ಯಾರೋ ಮದುವೆಗೆಂದು ಎರಡು ಚೀಲ ಜೋಳ ತಂದರೆ ಪೂರ್ತಿ ಒಮ್ಮೆಗೇ ಬೀಸುತ್ತಿರಲಿಲ್ಲ. ಐದು ಸೇರು ಬೀಸಿ ಚೀಲ ಬದಿಗಿಟ್ಟು, ಹಿಂದೆ ನಿಂತ ಚಿಕ್ಕ ಡಬ್ಬಿಗಳನ್ನು ಕಲ್ಲಿಗೆ ಬಿಟ್ಟು, ಮತ್ತೆ ಚೀಲಕ್ಕೆ ಬರುವರು. "ದೊಡ್ಡಾಂವಗ ಹಂತಹಂತವಾಗಿ ಪಾಳಿ. ಸಣ್ಣಾಕಿ ದೊಡ್ಡಾಂವನ ಹಿಂದ ಸಾಯಬಾರದು." ಆದರೆ ಚಿಕ್ಕವರನ್ನೇ ಬಿಡುತ್ತ ಹೋದರೆ ದೊಡ್ಡವನು ಸಂಜೆಯವರೆಗೂ ನಿಂತಾನು. ಅದಕ್ಕೆ ಹಿಂದೆ ಬಿದ್ದ ಡಬ್ಬಿಗೆ ಪ್ರತಿ ಸಲ ಸುಣ್ಣದ ಕಡ್ಡಿಯಿಂದ ಒಂದು ಗೆರೆ. ಮೂರು ಗೆರೆ ಬಿದ್ದ ಡಬ್ಬಿಯನ್ನು ಪುರಸಭೆಯ ಅಧ್ಯಕ್ಷರ ಡಬ್ಬಿಯೂ ದಾಟುವಂತಿಲ್ಲ. ಜೋಳದ ಸಾಲಿನಲ್ಲಿ ಎಂಟು ಜನ ತುಂಬಿ ಖಾರದ ಕಲ್ಲು ಖಾಲಿಯಿದ್ದರೆ ತೊಳೆಯುವರು. ಏಳು ಜನ ಇದ್ದರೆ ತೊಳೆಯುತ್ತಿರಲಿಲ್ಲ, ಏಳನೆಯವಳು ಎಷ್ಟು ಬಾಯಿ ಮಾಡಿದರೂ.

ಹೆಡ್ ಸಾಹೇಬರ ಮನೆಯಿಂದ ಬಂದದ್ದು ಅವರ ಹೆಂಡತಿ. ಅವರನ್ನು ಓಣಿಯಲ್ಲಿ ಎಲ್ಲರೂ ಬಾಯಾರು ಅನ್ನುತ್ತಿದ್ದರು. ಮೊದಲ ದಿನ ಡಬ್ಬಿ ಹಿಡಿದು ಬಾಗಿಲಲ್ಲಿ ಅನುಮಾನಿಸಿದರು.

"ಬರ್ರಿ ಬಾಯಾರ," ಎಂದರು ಸರ್. "ನಿಮ್ಮ ಪಾಳಿ ಆರನೇದು."

"ಆರನೇದಂದ್ರ ಆರನೇದ ಏನ್ರಿ?"

"ಐದನೇದೂ ಆಗೂದಿಲ್ಲ, ಏಳನೇದೂ ಆಗೂದಿಲ್ಲ."

ಆರನೆಯದಾಗಿಯೇ ಬೀಸಿ ಕೊಟ್ಟರು. ಮುಂದೆ ಪ್ರತಿ ವಾರವೂ ಹಾಗೆಯೇ. ನನಗೆ ತಡೆಯಲಾಗಲಿಲ್ಲ. "ಏನ್ರಿ ಸರ ಇದು? ಒಂದ ತಾಸರೆ ನಿಂದ್ರಸ್ರಿ," ಅಂದೆ.

"ಆಕಿನ್ನ ಯಾಕ ನಿಂದ್ರಸಲಿ? ನಂಗ ಅಂವ ಬೇಕು. ಸಾಲಿನ್ಯಾಗ ನಿಂತು, ಬೆಂಚಿನ ಮ್ಯಾಲ ಕುಂತು, ನನ್ನ ಪಾಠಾ ಕೇಳಿ, ಹಿಟ್ಟ ತಗೊಂಡು ಹೋಗಬೇಕು. ಅನ್ಯಾಯ ಮಾಡಿದ್ರ ಅಂವಗ ಎದ್ದು ಹೋಗಾಕ ನೆವ ಸಿಗತೈತಿ. ನಾ ನೆವ ಕೊಡೂದಿಲ್ಲ."

ಹೆಡ್ ಸಾಹೇಬರು ಒಂದು ವರ್ಷ ಬರಲಿಲ್ಲ. ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದರು. ಕಾಲೇಜಿನಲ್ಲಿ ನನ್ನ ಕೊನೆಯ ವರ್ಷದಲ್ಲೂ ಅದೇ ನೋಟ್ಸು ಬರೆಸಿದರು, ಅದೇ ವಾಕ್ಯ, ಒಂದೊಂದು ಅಕ್ಷರ ಒತ್ತಿ. ನನ್ನ ಕಡೆ ನೋಡುತ್ತಲೇ ಬರೆಸಿದರು. ನಾನು ಬರೆದುಕೊಂಡೆ.

ಶುಕ್ರವಾರ ಮಧ್ಯಾಹ್ನ ಸರ್ ನಮಾಜಿಗೆ ಹೋಗುವಾಗ ಪಾಳಿ ನೋಡಿಕೊಳ್ಳಲು ನನ್ನನ್ನು ಕೂರಿಸುತ್ತಿದ್ದರು. ಅಂಥದೊಂದು ಶುಕ್ರವಾರ ಬೆಳಗಿನಿಂದ ಖಾರದ ಕಲ್ಲು ಬಿಡುವಿಲ್ಲದೆ ತಿರುಗಿ ಆಗಷ್ಟೇ ನಿಂತಿತ್ತು, ಕಲ್ಲಿನ ಸಂದಿನಲ್ಲೆಲ್ಲ ಕೆಂಪು. ಬಾಯಾರು ಡಬ್ಬಿ ಇಟ್ಟು, "ಲಗೂನ ಬೇಕವಾ. ನಮ್ಮನಿಗೆ ಇವತ್ತು ಮೂರು ಮಂದಿ ಊಟಕ್ಕ ಬರಾಕತ್ಯಾರ, ಕಾಲೇಜ ನೋಡಾಕ ಬಂದ ಸಾಹೇಬರು," ಎಂದು ಮನೆಗೆ ಹೋದರು. ಜೋಳದ ಸಾಲಿನಲ್ಲಿ ಮೂರೇ ಡಬ್ಬಿ. ಖಾರದ ಕಲ್ಲು ತೊಳೆಯುವ ಮಾತೇ ಇರಲಿಲ್ಲ.

ನಾನು ಡಬ್ಬಿ ಎತ್ತಿ ಖಾರದ ಕಲ್ಲಿಗೆ ಸುರುವಿದೆ. ತೊಳೆಯದೆ. ಹಿಟ್ಟಿಗೆ ನಸುಗೆಂಪು ಬಣ್ಣ ಬಂದಿತ್ತು. ಮೇಲೆ ನಾಲ್ಕು ಹಿಡಿ ಬಿಳಿ ಹಿಟ್ಟು ಹರಡಿ ಮುಚ್ಚಳ ಹಾಕಿ ಎದುರುಮನೆಗೆ ಮುಟ್ಟಿಸಿದೆ.

ಊಟದ ಹೊತ್ತಿಗೆ ಆ ಮನೆಯಿಂದ ಕೆಮ್ಮು ಕೇಳಿಸಿತು. ಒಬ್ಬರದಲ್ಲ, ಮೂವರದೂ. ಆಮೇಲೆ ಹೆಡ್ ಸಾಹೇಬರದು. ನೀರಿನ ತಂಬಿಗೆಗಳ ಸದ್ದು. ನಾನು ಜೀವನದಲ್ಲಿ ಅಷ್ಟು ಸವಿಯಾದ ಸದ್ದು ಮತ್ತೆ ಕೇಳಿಲ್ಲ, ಸುಳ್ಳು ಯಾಕೆ ಹೇಳಲಿ?

ಸರ್ ಮರಳಿ ಬಂದಾಗ ಬಾಯಾರು ಡಬ್ಬಿ ಹಿಡಿದು ನಿಂತಿದ್ದರು. "ಕಲ್ಲ ಅದಲಬದಲ ಆಗೇತೇನ್ರಿ?" ಎಂದಷ್ಟೇ ಕೇಳಿದರು. ಸರ್ ಒಂದು ಚಿಟಿಕೆ ಹಿಟ್ಟು ನಾಲಿಗೆಗೆ ಹಚ್ಚಿಕೊಂಡರು. ಕೈಮುಗಿದು, "ತಪ್ಪ ನಮ್ಮದರೀ," ಎಂದರು. ತಮ್ಮ ಹೆಂಡತಿಗೆ, ನಾವೆಲ್ಲ ಭಾಭಿ ಅನ್ನುತ್ತಿದ್ದವರಿಗೆ, ಹೇಳಿ ಮನೆಯ ಜೋಳ ತರಿಸಿ ಬೀಸಿ ಕೊಟ್ಟರು. ಬಾಯಾರು ಹೋದ ಮೇಲೆ ಯಂತ್ರ ನಿಲ್ಲಿಸಿದರು.

"ಮರತಿಯೇನು?"

"ಇಲ್ರಿ ಸರ."

"ಗೊತ್ತಿದ್ದ ಹಾಕಿದಿ."

"ಹೌದ್ರಿ."

"ನನ್ನ ಸಲವಾಗಿ?"

"ಹೌದ್ರಿ ಸರ."

ಅವರು ಬೆಂಚಿನ ಮೇಲೆ ಕುಳಿತರು. "ನಿನ್ನೀತನಕ ಅನ್ಯಾಯ ಆದಾಂವ ನಾ ಇದ್ದೆ. ಇವತ್ತು ಅಂವ ಆದ. ನನ್ನ ಕಡೆ ಅದೊಂದ ಇತ್ತು ನೋಡವಾ, ಅದನ್ನ ತಗೊಂಡ ಹೋಗಿ ಅಂವಗ ಕೊಟ್ಟಿ. ಇನ್ನ ಅಂವ ಈ ಬೆಂಚಿಗೆ ಬರೂದಿಲ್ಲ." ಆಮೇಲೆ ಕೇಳಿದರು, "ಆ ಕಾಗದಕ್ಕ ಮೊದಲ ಸಹಿ ನಿಂದಿತ್ತು. ಎಷ್ಟಕ್ಕ ಕೊಟ್ಟಿ?"

"ಆರ ಮಾರ್ಕಿಗ್ರಿ."

"ಮೊದಲ ಎಷ್ಟ ಅಂದಿದ್ದ?"

"ಮೂರ್ರಿ."

"ದುಪ್ಪಟ್ಟು ಮಾಡಿದಿ," ಎಂದರು. ಮೆಚ್ಚಿದರೋ ಉಗಿದರೋ ಇವತ್ತಿಗೂ ತಿಳಿದಿಲ್ಲ. "ಗಿರಣಿಗೆ ಬಾ, ಕಸಾ ಹೊಡಿ, ಡಬ್ಬಿ ಎತ್ತು. ಪಾಳಿ ಮುಟ್ಟಬ್ಯಾಡ."

ಹೆಡ್ ಸಾಹೇಬರು ಪುರಸಭೆಗೆ ಅರ್ಜಿ ಕೊಟ್ಟರು: ಸಪ್ಪಳ, ಖಾರದ ಧೂಳು, ಆಹಾರದಲ್ಲಿ ಬೇಕೆಂದೇ ಕಲಬೆರಕೆ. ಗಿರಣಿ ಎತ್ತಿಸಬೇಕು. ವಿಚಾರಣೆಗೆ ಒಬ್ಬ ಅಧಿಕಾರಿ ಶೆಡ್ಡಿಗೇ ಬಂದರು. ಓಣಿಯ ಹೆಂಗಸರು ಡಬ್ಬಿ ಸಮೇತ ಸೇರಿದರು. ಹೆಡ್ ಸಾಹೇಬರು ರಸ್ತೆಯಲ್ಲಿಯೇ ನಿಂತು ಮಾತಾಡಿದರು, ಶೆಡ್ಡಿನ ಹೊಸ್ತಿಲು ತುಳಿಯಲಿಲ್ಲ. ನಾನು ಮುಂದೆ ಬಂದೆ.

"ಖಾರದ ಕಲ್ಲಿಗೆ ಹಾಕಿದಾಕಿ ನಾನ್ರಿ. ಸರ್ ಇರಲಿಲ್ಲ. ಇವ್ರು ಆರ ಮಾರ್ಕ್ ಕೊಟ್ಟು ನನ್ನ ಕಡಿಂದ ಸರ್ ಮ್ಯಾಲ ಕಾಗದಕ್ಕ ಸಹಿ ಮಾಡಿಸಿದ್ರು. ಆ ಸಿಟ್ಟಿಗೆ ಹಾಕಿದೆ."

ಅಷ್ಟು ಹೆಂಗಸರ ಮುಂದೆ ಈ ಮಾತು ಬಿದ್ದಾಗ ಹೆಡ್ ಸಾಹೇಬರ ಮುಖ ಹೇಗಾಯಿತೆಂದು ವರ್ಣಿಸಲು ನನಗೆ ಇನ್ನೊಂದು ಪುಟ ಬೇಕು. ಆ ಪುಟವನ್ನು ನನ್ನ ತಲೆಯಲ್ಲಿಯೇ ಇಟ್ಟುಕೊಂಡು ಆಗಾಗ ಓದಿಕೊಳ್ಳುತ್ತೇನೆ. ಅಧಿಕಾರಿ ಬಾಯಾರ ಕಡೆ ತಿರುಗಿದರು. "ಹಿಟ್ಟು ಕೆಟ್ಟದ್ದು ನಿಮ್ಮದು. ನೀವ ಹೇಳ್ರಿ, ಗಿರಣಿ ಇರಲೋ ಹೋಗಲೋ?"

ಬಾಯಾರು ಗಂಡನ ಕಡೆ ನೋಡಲಿಲ್ಲ. "ಇರಲಿರಿ," ಎಂದರು. "ಮನ್ಯಾಗ ಎಲ್ಲಾರದೂ ಆದಮ್ಯಾಲ ನನ್ನ ಪಾಳಿ. ಇಲ್ಲೆ ಒಂದ ಕಡೆ ನನ್ನ ಪಾಳಿ ನನಗ ಬರತೈತಿ."

ಗಿರಣಿ ಉಳಿಯಿತು. ಬೆಂಚಿನ ವಿಷಯ ಮಾತ್ರ ಸರ್ ಅವರು ಹೇಳಿದಂತೆಯೇ ಆಯಿತು. ಹೆಡ್ ಸಾಹೇಬರು ಆ ಹೊಸ್ತಿಲು ತುಳಿಯುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ವರ್ಷಗಳು ಹೋದವು. ನಾನು ಹಳೆಯ ಕಂಪ್ಯೂಟರ್ ಕೊಂಡು ರಿಪೇರಿ ಮಾಡಿ ಮಾರುತ್ತ ಅಂಗಡಿ ಹಾಕಿದೆ. ಒಂದೇ ಪ್ರೊಸೆಸರಿನಲ್ಲಿ ಎರಡು ಕೋರ್ ಇರುವ ಯಂತ್ರಗಳು ಬಂದಾಗ ಮೊದಲನೆಯದನ್ನು ಗಿರಣಿಗೆ ಒಯ್ದು ತೋರಿಸಿದೆ. ಸರ್ ಹಿಟ್ಟಿನ ಕೈಯಿಂದಲೇ ಮೌಸ್ ಹಿಡಿದು ಎರಡು ಕೋರ್‌ಗಳ ಏರಿಳಿತದ ಗೆರೆ ತೆರೆದರು. ಕೆಲಸ ಈ ಕಡೆಯಿಂದ ಆ ಕಡೆಗೆ ದಾಟುವುದನ್ನು ಕೈ ಕಟ್ಟಿ ಬಹಳ ಹೊತ್ತು ನೋಡಿದರು. "ಛಲೋ ತೊಳೀತಾನ," ಎಂದರು, ಆ ಆಪರೇಟಿಂಗ್ ಸಿಸ್ಟಂ ಬರೆದವನು ಯಾರೋ ನೆರೆಯ ಗಿರಣಿಯವನು ಎಂಬಂತೆ. ಮನೆಯಲ್ಲಿಟ್ಟುಕೊಳ್ಳಿ ಅಂದರೆ ಒಪ್ಪಲಿಲ್ಲ. ನನ್ನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಪಾಳಿಯನ್ನೂ ಮುಟ್ಟಗೊಡಲಿಲ್ಲ. ಮೂರು ಅಂಗಡಿಯ ಒಡತಿಯಾಗಲು ಹೊರಟವಳು ವಾರಕ್ಕೊಮ್ಮೆ ಆ ಶೆಡ್ಡಿನ ಕಸ ಹೊಡೆದು ಬರುತ್ತಿದ್ದೆ.

ಎದೆನೋವು ಬಂದು ಮಲಗಿದ ಮೇಲೆ ಭಾಭಿಯೇ ಗಿರಣಿ ನಡೆಸಿದರು. ಒಂದು ದಿನ ಸರ್ ನನ್ನನ್ನು ಕರೆಸಿದರು. ಹೊರಸಿನ ಮೇಲೆ ಅವರ ಎರಡೂ ಕೈ ಬತ್ತಿ ಬಿದ್ದಿದ್ದವು.

"ಸಿಟ್ಟ ಹೋತೇನು?"

"ಇಲ್ರಿ ಸರ."

"ಹೋಗೂದು ಬ್ಯಾಡ. ಕಲ್ಲಿನ ಹತ್ರ ತರಬ್ಯಾಡ, ಅಷ್ಟ." ಉಸಿರು ತೆಗೆದುಕೊಂಡು ಹೇಳಿದರು, "ನಾಳಿಂದ ಪಾಳಿ ನೀ ನೋಡು."

ನಾಲ್ಕು ದಿನಕ್ಕೆ ಹೋದರು. ಮನೋಳಿಯಲ್ಲಿ ಮಣ್ಣು ಮಾಡಿದರು. ಹೆಡ್ ಸಾಹೇಬರ ಮನೆಯ ಕಿಟಕಿ ಆ ದಿನ ಮುಚ್ಚಿತ್ತು. ಸತ್ತವನ ಮೇಲೆ ಗೆದ್ದೆ ಎಂದುಕೊಂಡಿರಬೇಕು.

ಗಿರಣಿಯನ್ನು ನಾನು ಭಾಭಿಯಿಂದ ವಹಿಸಿಕೊಂಡೆ. ಜೀವನದಲ್ಲಿ ಚೌಕಾಶಿ ಮಾಡದೆ ತೆಗೆದುಕೊಂಡದ್ದು ಅದೊಂದೇ. ಕೆಲಸಕ್ಕೆ ಒಬ್ಬಳನ್ನು ಇಟ್ಟೆ, ಪಾಳಿಗೆ ಮಾತ್ರ ವಾರಕ್ಕೆರಡು ದಿನ ನಾನೇ ಕೂರುತ್ತಿದ್ದೆ. ಆ ಹೊತ್ತಿಗೆ ಹೆಡ್ ಸಾಹೇಬರು ನಿವೃತ್ತರಾಗಿದ್ದರು. ಬಾಯಾರ ಹತ್ತಿರ ಒಂದು ದಿನ ಮನಸ್ಸು ಬಿಚ್ಚಿದೆ. "ಬಾಯಾರ, ಸಾಹೇಬರು ಒಂದ ಸರ್ತಿ ಬಂದು ಆ ಬೆಂಚಿನ ಮ್ಯಾಲ ಕುಂತ್ರ ಸಾಕ್ರಿ. ಸರ್ ಅದಕ್ಕಾಗಿ ಭಾಳ ವರ್ಷ ಕಾದ್ರು."

ಬಾಯಾರು ಹಿಟ್ಟಿನ ಡಬ್ಬಿಗೆ ಮುಚ್ಚಳ ಒತ್ತುತ್ತ ಅಂದರು, "ನನ್ನ ಮೊಣಕಾಲ ಎಷ್ಟ ದಿನ ನೋಯಬೇಕು ಹೇಳವಾ. ಅಷ್ಟ ದಿನ ನೋಯ್ತಾವ."

ಸೇಡು ತೀರಿಸಿಕೊಳ್ಳುವವರಿಗೆ ನನ್ನದೊಂದು ಸಲಹೆ: ಶತ್ರುವಿನ ಮನೆಯಲ್ಲಿ ಹಸಿದವರು ಯಾರು, ಪಾಳಿ ಸಿಗದವರು ಯಾರು ಎಂದು ಮೊದಲು ನೋಡಿಕೊಳ್ಳಿ.

ಹನ್ನೊಂದು ದಿನ ಬಾಯಾರ ಮೊಣಕಾಲು ನೊಂದವು. ಮನೆಯಲ್ಲಿ ಅನ್ನ, ಮತ್ತೆ ಅನ್ನ. ಹನ್ನೆರಡನೆಯ ದಿನ ಬೆಳಿಗ್ಗೆ ಹೆಡ್ ಸಾಹೇಬರು ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ರಸ್ತೆ ದಾಟಿದರು. ಹೊಸ್ತಿಲಲ್ಲಿ ನಿಂತರು. ಬಾಯಾರು ಕಿಟಕಿಯಲ್ಲಿದ್ದರು.

"ಬರ್ರಿ ಸಾಹೇಬರ," ಅಂದೆ. "ನಿಮ್ಮ ಪಾಳಿ ಎಂಟನೇದು. ಕುಂದರ್ರಿ."

ಕುಳಿತರು. ಅಕ್ಕಪಕ್ಕ ಏಳು ಹೆಂಗಸರು, ಅದರಲ್ಲಿ ಮೂವರು ಅವರ ಹಳೆಯ ವಿದ್ಯಾರ್ಥಿಗಳ ತಾಯಂದಿರು. ನಾನು ಸುಣ್ಣದ ಕಡ್ಡಿ ತೆಗೆದುಕೊಂಡು ಪತ್ರಾಸಿನ ಗೋಡೆಯ ಮೇಲೆ ಎರಡು ಚೌಕ ಎಳೆದೆ, ಒಂದಾದ ಮೇಲೆ ಒಂದು, ನನಗೆ ಬರುವುದು ಅಷ್ಟೇ. ಪಟ್ಟಿಯ ಬಡಿತಕ್ಕಿಂತ ಜೋರಾಗಿ ಶುರು ಮಾಡಿದೆ. ಒಂದು ಸಾಲೋ ಎರಡು ಸಾಲೋ ಎಂಬಲ್ಲಿಂದ ಹಿಡಿದು, ಮಗ್ಗುಲ ನೆನಪು, ತೊಳೆಯುವ ನಷ್ಟ, ಖಾಲಿಯಾದವನು ತುಂಬಿದವನಿಂದ ಎಳೆದುಕೊಳ್ಳುವುದು, ಮೂರು ಗೆರೆಯ ಡಬ್ಬಿ, ಯಾವುದನ್ನೂ ಬಿಡಲಿಲ್ಲ. ಹೆಂಗಸರು ನಡುನಡುವೆ ಹೂಂಗುಟ್ಟಿದರು. ಅವರಿಗೆ ಇದು ಎಂದೋ ಗೊತ್ತಿತ್ತು.

"ಇದೆಲ್ಲಾ ನಾ ಓದೇನಿ," ಎಂದರು ಹೆಡ್ ಸಾಹೇಬರು.

"ಓದಿರಬೇಕ್ರಿ. ಕೇಳಿರಲಿಲ್ಲ. ಈಗ ನೋಡ್ರಿ, ಇಲ್ಲೆ ಎರಡೂ ಕಲ್ಲ ತಿರಗಾಕತ್ತಾವ. ನಿಮ್ಮ ಡಬ್ಬಿ ಒಂದ ಐತಿ. ಅರ್ಧ ಹೊತ್ತಿನಾಗ ಆಗತೈತೇನ್ರಿ?"

ಅವರು ಒಂದು ಕಲ್ಲು ನೋಡಿದರು, ಇನ್ನೊಂದು ಕಲ್ಲು ನೋಡಿದರು. ಬೆಂಚಿನಲ್ಲಿದ್ದ ಒಬ್ಬ ಮುದುಕಿ ಬಾಯಿಗೆ ಸೆರಗು ಹಿಡಿದುಕೊಂಡಳು.

"ಆಗೂದಿಲ್ಲ," ಎಂದರು ಕೊನೆಗೆ, ನೆಲ ನೋಡುತ್ತ. ಎದ್ದು ನಿಂತರು.

ಅವರ ಡಬ್ಬಿಗೆ ಆಗಷ್ಟೇ ಪಾಳಿ ಬಂದಿತ್ತು. ಜೋಳದ ಕಲ್ಲಿಗೆ ಸುರುವಿದೆ, ಒಂದು ಕಾಳೂ ಆಚೆ ಬೀಳದಂತೆ.

"ಕುಂದರ್ರಿ ಸಾಹೇಬರ," ಅಂದೆ. "ಹಿಟ್ಟ ಇನ್ನೂ ಆಗಿಲ್ಲ."